ಹಿಂದೆ ಎತ್ತು ಕಟ್ಟಿದ ದೋಣಿ

ನಮ್ಮ ಅಂಗಳಕ್ಕೆ ಆ ದೋಣಿ ಬಂದದ್ದು ಎತ್ತಿನ ಗಾಡಿಯ ಮೇಲೆ. ಅದೂ ನಮ್ಮಪ್ಪನೇ ಮಾಡಿದ್ದ ಗಾಡಿ. ಕೆಳಗೆ ಹುಲ್ಲು ಹಾಸಿ, ಮೇಲೆ ದೋಣಿ ಮಲಗಿಸಿ, ಹಗ್ಗ ಬಿಗಿದು, ಹೊಳೆಯ ಕಡೆಯಿಂದ ಕೊಣನೂರಿನ ಬೀದಿಯಲ್ಲಿ ಮೆರವಣಿಗೆ ಹೊರಟ ಹಾಗೆ ತಂದರು. ಬಿಳಿ ಬಣ್ಣ, ಪಕ್ಕಕ್ಕೆ ನೀಲಿ ಪಟ್ಟೆ. ಅದರ ಚೂಪು ಮೂತಿ ಎತ್ತುಗಳ ಬೆನ್ನ ಮೇಲೆ ಚಾಚಿಕೊಂಡಿತ್ತು. ಅವತ್ತು ಸಂತೆ. ಬೆಲ್ಲ ಕೊಳ್ಳುತ್ತಿದ್ದವರು ಬೆಲ್ಲ ಬಿಟ್ಟು, ಮೆಣಸಿನಕಾಯಿ ತೂಗುತ್ತಿದ್ದವರು ತಕ್ಕಡಿ ಬಿಟ್ಟು ಹಿಂದೆ ಬಂದರು. ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗ ಎಲ್ಲರಿಗಿಂತ ಮುಂದೆ ಇದ್ದ.

"ನೀರ್ನಾಗೆ ಓಡಾಡೋ ಪ್ರಾಣೀನ ಎತ್ತಿನ ಮ್ಯಾಕೆ ಕೂರಿಸವ್ರೆ. ನನ್ನ ಅರಿಗೋಲ್ಗೂ ಎರಡು ಗಾಲಿ ಹಾಕ್ಕೊಟ್ಬುಡು ಆಚಾರಿ, ಅರಕಲಗೂಡ್ಗೆ ಓಗಿ ಬತ್ತೀನಿ" ಎಂದ ಅಪ್ಪನಿಗೆ. ಜನ ನಕ್ಕರು. ಅಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ದೋಣಿಯನ್ನು ಇಳಿಸುವುದಕ್ಕೆ ಜಾಗ ತೋರಿಸಿದ.

ನಮ್ಮದು ಗಾಡಿ ಮಾಡುವ ಮನೆ. ಅರಕಲಗೂಡಿನ ರಸ್ತೆಯ ಪಕ್ಕ, ಹುಣಸೆ ಮರದ ಕೆಳಗೆ ಅಂಗಳ. ಅಲ್ಲಿಂದ ಹೊರಟ ಗಾಡಿಗಳು ಹಳೇಕೋಟೆಯ ಕಡೆ ರಾಗಿ ಹೊತ್ತಿವೆ, ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿ ಹೊತ್ತಿವೆ, ಹೊಳೆನರಸೀಪುರಕ್ಕೆ ಮದುವೆ ದಿಬ್ಬಣ ಹೊತ್ತಿವೆ. ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವ ದಿನ ನಮಗೆ ಹಬ್ಬವೇ. ಬೆರಣಿಯ ಬೆಂಕಿಯಲ್ಲಿ ಪಟ್ಟಾ ಕೆಂಪಗೆ ಕಾದು ಬರುತ್ತಿತ್ತು. ಅದನ್ನು ಇಕ್ಕಳದಲ್ಲಿ ಎತ್ತಿ ಮರದ ಗಾಲಿಗೆ ಕೂರಿಸಿ ನೀರು ಸುರಿದರೆ ಚೊಂಯ್ ಎಂದು ಹೊಗೆ ಏಳುತ್ತಿತ್ತು. ಸುಟ್ಟ ಮರದ ಆ ವಾಸನೆ ರಾತ್ರಿ ಊಟಕ್ಕೆ ಕೂತಾಗಲೂ ಕೈಯಲ್ಲಿ ಇರುತ್ತಿತ್ತು. ಈಗ ಆ ಜಾಗದಲ್ಲಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ ಇದೆ. ಅಲ್ಲೂ ಗಾಲಿಯ ಕೆಲಸವೇ ನಡೆಯುತ್ತದೆ, ಸರಿ. ಆದರೆ ಹುಣಸೆ ಮರ ಇಲ್ಲ, ಆ ವಾಸನೆ ಇಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವತ್ತೂ ಸಂಕೋಚ ಆಗಿಲ್ಲ. ಸ್ಲೇಟು ಹಿಡಿಯುವ ವಯಸ್ಸಿನಲ್ಲಿ ಬಾಚಿ ಹಿಡಿದೆ, ಹಿಡಿದದ್ದನ್ನು ಬಿಡಲಿಲ್ಲ. ಆ ದೋಣಿ ಬರುವ ಹೊತ್ತಿಗೆ, ಅಂದರೆ ಐವತ್ತರ ದಶಕ ಮುಗಿಯುವ ಕಾಲಕ್ಕೆ, ಗಾಲಿಯ ನಡುವಿನ ಗುಂಭ ಕಡೆಯುವುದರಿಂದ ನೊಗ ಕೂರಿಸುವವರೆಗೆ ಎಲ್ಲ ಕೆಲಸ ನನ್ನ ಕೈಗೆ ಬಂದಿತ್ತು. ಮದುವೆಯೂ ಆಗಿತ್ತು. ಒಂದು ಮಾತ್ರ ಆಗಿರಲಿಲ್ಲ. ನಾನೇ ಕೂತು ಮಾಡಿದ ಗಾಡಿಯನ್ನೂ ಊರು "ದೊಡ್ಡಾಚಾರಿ ಗಾಡಿ" ಎನ್ನುತ್ತಿತ್ತು. ನನ್ನದು ಅನ್ನುವ ಒಂದು ಕೆಲಸ ಆ ಅಂಗಳದಿಂದ ಹೊರಟಿರಲಿಲ್ಲ. ಅದು ನನ್ನ ಹೊಟ್ಟೆಯೊಳಗೆ ಕೂತಿತ್ತು.

ಮನೆಯಲ್ಲಿ ಒಂದು ಕಟ್ಟಳೆ ಇತ್ತು, ಅದನ್ನೂ ಇಲ್ಲೇ ಹೇಳಿಬಿಡಬೇಕು. ಹೊಸ ಗಾಡಿಗೆ ಪೂಜೆಯಾಗಿ, ಗಾಲಿಯಡಿ ನಿಂಬೆಹಣ್ಣು ಒಡೆದ ಮೇಲೆ, ಮೊದಲು ಹತ್ತಿ ಕೂರಬೇಕಾದವನು ಅದನ್ನು ಮಾಡಿದವನು. ದುಡ್ಡು ಕೊಟ್ಟ ಯಜಮಾನ ಪಕ್ಕದಲ್ಲಿ ನಡೆದು ಬರಬೇಕು. ಊರಾಚೆಯ ಕಲ್ಲು ಮುಟ್ಟಿ ಗಾಡಿ ತಿರುಗಿ ಬಂದ ಮೇಲೇ ಯಜಮಾನ ಹತ್ತುವುದು. "ಅಚ್ಚು ಮುರುದ್ರೆ ಮಾಡ್ದೋನ ಸ್ವಾಂಟ ಮುರೀಲಿ, ಕೊಂಡೋನ್ದು ಯಾಕೆ ಮುರೀಬೇಕು" ಎನ್ನುತ್ತಿದ್ದ ಅಪ್ಪ. ಅಪ್ಪನ ಅಪ್ಪನೂ ಹಾಗೆಯೇ ಅನ್ನುತ್ತಿದ್ದನಂತೆ.

ದೋಣಿ ಡಾಕ್ಟರದು. ಮಿಲಿಟರಿಯಲ್ಲಿದ್ದು, ಪಿಂಚಣಿ ಪಡೆದು ನಮ್ಮೂರಿನಲ್ಲಿ ಬಂದು ನೆಲೆಸಿದವರು. ಅಪ್ಪನ ಕೈ ಮೇಲೆ ತೊಲೆ ಬಿದ್ದಾಗ ಮೂಳೆ ಕೂಡಿಸಿದವರು ಅವರೇ. ಘಟ್ಟದ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಅವನ ದೋಣಿಯನ್ನು ಇವರು ಕೊಂಡರು. ಮರದ ಚಿಕ್ಕ ದೋಣಿ, ಹಿಂದುಗಡೆ ನೇತುಹಾಕುವ ಪೆಟ್ರೋಲ್ ಇಂಜಿನ್ನು. ಊರಿನಿಂದ ಮೇಲೆ, ಕಟ್ಟೆ ಕಟ್ಟಿ ಕಾವೇರಿಯ ನೀರು ನಿಲ್ಲಿಸಿದ ಕಡೆ, ಹೊಳೆ ಕೆರೆಯ ಹಾಗೆ ಅಗಲವಾಗಿ ಸುಮ್ಮನೆ ನಿಂತಿರುತ್ತದೆ. ಮಳೆಗಾಲ ಕಳೆದ ಮೇಲೆ ಪ್ರತಿ ಭಾನುವಾರ ಡಾಕ್ಟರೂ ಅವರ ಹೆಂಡತಿಯೂ ಅಲ್ಲಿ ದೋಣಿ ಬಿಡುತ್ತಿದ್ದರು. ಯಾಕೆ ಬಿಡುತ್ತಾರೆ ಎನ್ನುವುದು ಊರಿನವರಿಗೆ ತಿಳಿಯಲಿಲ್ಲ.

"ಆ ದಡಕ್ಕೆ ಓಗಕಿಲ್ಲ, ಮೀನು ಇಡಿಯಕಿಲ್ಲ. ಸುತ್ತಿ ಸುತ್ತಿ ಒಂಟ ಜಾಗಕ್ಕೇ ಬತ್ತಾರೆ. ಗಾಣದ ಎತ್ತಾದ್ರೂ ಎಣ್ಣೆ ತಗೀತದೆ" ಎಂದು ಅಂಬಿಗ ಹೇಳುತ್ತಿದ್ದ.

ದೋಣಿ ಅಂಗಳಕ್ಕೆ ಬಂದ ಮರುದಿನ ಅಮ್ಮಾವ್ರು ಬಂದರು. ಡಾಕ್ಟರ ಹೆಂಡತಿಯನ್ನು ಊರೆಲ್ಲ ಹಾಗೆ ಕರೆಯುತ್ತಿತ್ತು. ಹಿಂದೆ ಡಾಕ್ಟರು, ಅವರ ಎರಡೂ ಕೈಯಲ್ಲಿ ಸಾಮಾನು. ಅಮ್ಮಾವ್ರು ಅದನ್ನೆಲ್ಲ ಒಂದೊಂದಾಗಿ ನಮ್ಮ ಅಂಗಳದ ಮಣ್ಣಿನ ಮೇಲೆ ಇಡಿಸಿದರು. ಪೆಟ್ರೋಲ್ ಡಬ್ಬ, ಸ್ಪ್ಯಾನರಿನ ಚೀಲ, ಸರಪಳಿ ಸಮೇತ ಲಂಗರು, ಹಗ್ಗದ ಸುರುಳಿ, ನೀರು ಎತ್ತಿ ಚೆಲ್ಲುವ ತಗಡಿನ ಡಬ್ಬ. ಅವು ಡಾಕ್ಟರವು. ಊಟದ ಕ್ಯಾರಿಯರ್, ಕಾಫಿ ಫ್ಲಾಸ್ಕು, ಚಾಪೆ, ಶಾಲು, ಕೊಡೆ. ಇವು ತಮ್ಮವು.

"ಇಷ್ಟೂ ಆ ದೋಣಿಯೊಳಗೆ ಹೋಗತ್ತೆ ಆಚಾರ್ರೇ. ಇವೆಲ್ಲ ಕೂತ ಮೇಲೆ ನಾನು ಎಲ್ಲಿ ಕೂರಲಿ, ನೀವೇ ಹೇಳಿ" ಎಂದರು ಅಪ್ಪನಿಗೆ.

"ಲಂಗರಿನ ಪಕ್ಕ ಜಾಗ ಇದೆಯಲ್ಲ" ಎಂದರು ಡಾಕ್ಟರು.

"ಲಂಗರು ನನ್ನ ಪಾದದ ಮೇಲೆ ಕೂತಿರತ್ತೆ. ಮೊನ್ನೆ ಪುಳಿಯೋಗರೆ ತಿಂದ್ರಲ್ಲ, ಪೆಟ್ರೋಲ್ ವಾಸನೆ ಬಂತೋ ಇಲ್ವೋ?"

"ಸ್ವಲ್ಪ ಬಂತು. ಆದರೂ ಚೆನ್ನಾಗಿತ್ತು."

ಅಪ್ಪ ನಕ್ಕ. ಅಮ್ಮಾವ್ರು ನಗಲಿಲ್ಲ.

"ನೋಡಿ ಆಚಾರ್ರೇ. ಇವರು ಮಿಲಿಟರಿ ಅಂತ ದೇಶ ಸುತ್ತಿದರು. ಅಷ್ಟು ವರ್ಷ ನಾನು ಹಾಸನದಲ್ಲಿ ಅತ್ತೆ ಮಾವನ್ನ ನೋಡ್ಕೊಂಡು ಕೂತಿದ್ದೆ. ಈಗಲಾದರೂ ಜೊತೆಯಲ್ಲಿ ಓಡಾಡೋಣ ಅಂತ ಬಂದವಳು ನಾನು. ಈ ಸಾಮಾನಿಗೆ ಜಾಗ ಮಾಡಿಕೊಡಿ. ಆಗಲ್ಲ ಅಂದರೆ ದೋಣಿ ಮಾರಿಬಿಡಲಿ. ದಡದಲ್ಲಿ ಕೂತು ಇವರು ಸುತ್ತೋದನ್ನ ನೋಡೋಕೆ ನಾನು ಇನ್ನು ಬರಲ್ಲ."

ಡಾಕ್ಟರು ಹಗ್ಗದ ತುದಿಯ ನಾರು ಬಿಡಿಸುತ್ತ ನಿಂತರು. ಆಮೇಲೆ "ಅವಳು ಬರದಿದ್ದರೆ ನನಗೂ ಬೇಡ" ಎಂದರು, ನೆಲಕ್ಕೆ ಹೇಳಿದ ಹಾಗೆ.

ಅಪ್ಪ ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. ಒಲ್ಲದ ಕೆಲಸ ಬಂದರೆ ಅಪ್ಪ ಹಾಗೆ ಮಾಡುವುದು. "ನೀರಿನ ಕೆಲ್ಸ ನಮ್ಗೆ ಗೊತ್ತಿಲ್ಲ ಸಾ. ನೆಲದ ಮ್ಯಾಲೆ ಉಳ್ಳೋದಾದ್ರೆ ಯೋಳಿ, ಮಾಡ್ಕೊಡ್ತೀವಿ."

"ನಾನು ಮಾಡ್ತೀನಿ ಸಾ" ಎಂದೆ.

ಅಪ್ಪ ನನ್ನ ಕಡೆ ತಿರುಗಿ ನೋಡಿದ. ಅವರಿಬ್ಬರೂ ಹೋದ ಮೇಲೆ ಅಂದ: "ಒಪ್ಕಂಡೋನು ನೀನು ಕಣ್ಲಾ. ಇದಕ್ಕೆ ನಾನು ಉಳಿ ಮುಟ್ಟಕಿಲ್ಲ. ಚೆನ್ನಾಗಾದ್ರೆ ನಿಂದು, ಕೆಟ್ರೂ ನಿಂದೇಯ."

ನನಗೆ ಬೇಕಾಗಿದ್ದದ್ದು ಅದೇ.

ಹಗ್ಗ ಹಿಡಿದು ಗಂಟು ಹಾಕಿ ಹಾಕಿ ಅಳತೆ ತೆಗೆದೆ. ಹಿಂದೆ ಇಂಜಿನ್ನು, ಅದರ ಪಕ್ಕ ಡಾಕ್ಟರು ಕೂತು ಹಿಡಿ ತಿರುಗಿಸುವ ಹಲಗೆ. ನಡುವೆ ಇನ್ನೊಂದು ಅಡ್ಡ ಹಲಗೆ, ಅದು ಅಮ್ಮಾವ್ರು ಕೂರುವುದು. ಮುಂದೆ ಮೂತಿಯ ಹತ್ತಿರ ಏನೂ ಇಲ್ಲ, ಬರೀ ಖಾಲಿ. ಆ ಖಾಲಿ ಜಾಗ ನೋಡಿ ನನಗೆ ಖುಷಿಯಾಯಿತು. ನಮ್ಮ ಮನೆಗಳಲ್ಲಿ ಖಾಲಿ ಜಾಗ ಅಂತ ಯಾರು ಬಿಡುತ್ತಾರೆ? ಅಟ್ಟದ ಮೇಲೆ ಮಡಕೆ, ಜಗಲಿಯ ಕೆಳಗೆ ಸೌದೆ, ಬಾಗಿಲ ಸಂದಿಯಲ್ಲಿ ಪೊರಕೆ. ದೊರೆಗೆ ತಿಳಿಯದೆ ಬಿಟ್ಟಿದ್ದಾನೆ ಅಂದುಕೊಂಡೆ.

ಮೂತಿಯ ಆಕಾರಕ್ಕೆ ಸರಿಯಾಗಿ ಮುಮ್ಮೂಲೆಯ ದೊಡ್ಡ ಪೆಟ್ಟಿಗೆ ಮಾಡಿದೆ. ಮರ ಮತ್ತಿ. ಗಾಡಿಯ ಅಚ್ಚುಮರಕ್ಕೆ ಇಟ್ಟಿದ್ದ ತೊಲೆಯಿಂದಲೇ ಸೀಳಿದ ಹಲಗೆ. ನಮ್ಮ ಅಂಗಳದಲ್ಲಿ ಹಗುರ ಎನ್ನುವುದು ಬೈಗುಳದ ಮಾತು. "ಹಗುರ ಗಾಡಿ" ಅಂದರೆ ಎರಡನೇ ಮಳೆಗೆ ಬಿಚ್ಚಿಕೊಳ್ಳುವ ಗಾಡಿ ಅಂತಲೇ ಅರ್ಥ. ಒಂದು ಮೊಳೆ ಹೊಡೆಯದೆ ಮೂಲೆಗಳನ್ನು ಹಲ್ಲಿಗೆ ಹಲ್ಲು ಕೂಡಿಸಿದೆ. ರಾಗಿ ಪೆಟ್ಟಿಗೆಗೆ ಮಾಡುವ ಹಾಗೆ ಮುಚ್ಚಳಕ್ಕೆ ತುಟಿ ಕೂರಿಸಿದೆ. ಒಳಗೆ ಕ್ಯಾರಿಯರಿಗೆ ಒಂದು ಮನೆ, ಫ್ಲಾಸ್ಕಿಗೆ ಒಂದು ಮನೆ, ಪೆಟ್ರೋಲ್ ವಾಸನೆ ಅತ್ತ ಬಾರದ ಹಾಗೆ ನಡುವೆ ತಡೆ, ತಳದಲ್ಲಿ ಲಂಗರು. ಮುಚ್ಚಳಕ್ಕೆ ಹಿತ್ತಾಳೆಯ ಕೀಲು ತರುವುದಕ್ಕೆ ಹಾಸನಕ್ಕೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಇಳಿದು ಹೋಟೆಲಿನಲ್ಲಿ ಬಿಸಿ ಇಡ್ಲಿ ತಿಂದು, ಪೇಟೆಯ ಬೀದಿಯಲ್ಲಿ ದೊಡ್ಡ ಮನುಷ್ಯನ ಹಾಗೆ ನಡೆದೆ. ಅಂಗಡಿಯವನು "ಯಾವ ದೇವಸ್ಥಾನದ ಬಾಗ್ಲಿಗಪ್ಪ, ಇಷ್ಟು ಒಳ್ಳೇದು?" ಎಂದು ಕೇಳಿದ. "ದೋಣಿಗೆ" ಎಂದೆ. ಅವನು ಇನ್ನೊಂದು ಸಲ ಕೇಳಿದ. ನಾನೂ ಇನ್ನೊಂದು ಸಲ ಹೇಳಿದೆ, ಪಕ್ಕದವರಿಗೂ ಕೇಳಲಿ ಅಂತ.

ಪೆಟ್ಟಿಗೆ ಕೂರಿಸಿದ ದಿನ ಅಮ್ಮಾವ್ರು ಬಂದು ಸಾಮಾನೆಲ್ಲ ತುಂಬಿ ನೋಡಿದರು. ಎಲ್ಲವನ್ನೂ ನುಂಗಿ ಮುಚ್ಚಳ ತಣ್ಣಗೆ ಕೂತಿತು. ಅಮ್ಮಾವ್ರು ನಡುವಿನ ಹಲಗೆಯ ಮೇಲೆ ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕಾಲು ಮುಂದಕ್ಕೆ ಚಾಚಿದರು. ದೋಣಿ ಇನ್ನೂ ನಮ್ಮ ಅಂಗಳದ ಹುಲ್ಲಿನ ಮೇಲೇ ಇತ್ತು. ಆದರೂ ಅವರು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

ಇನ್ನು ಉಳಿದದ್ದು ತೂಕ ನೋಡುವುದು. ಗಾಡಿ ಕಂಡವರಿಗೆ ಇದು ಗೊತ್ತಿರುತ್ತದೆ. ಗಾಲಿ ಎರಡೇ ಆದ್ದರಿಂದ ಗಾಡಿ ತಕ್ಕಡಿಯ ಹಾಗೆ. ಹಿಂಭಾರವಾದರೆ ಮುಂದಿನ ಮೂಕಿಮರ ಮೇಲೆದ್ದು ನೊಗದ ಹಗ್ಗ ಎತ್ತಿನ ಕುತ್ತಿಗೆಯನ್ನು ಕೆಳಗಿನಿಂದ ಬಿಗಿಯುತ್ತದೆ. ಅದಕ್ಕೇ ಯಾವ ಗಾಡಿಯನ್ನಾದರೂ ಒಂದು ಹಿಡಿ ಮುಂಭಾರವಾಗಿ ಮಾಡುವುದು. ನಾನು ದೋಣಿಯ ಹೊಟ್ಟೆಯ ನಡುವೆ, ಅಡಿಗೆ, ಒಂದು ದುಂಡನೆಯ ಉರುಳುಮರ ಕೊಟ್ಟೆ. ಇಂಜಿನ್ ತಗುಲಿಸಿದೆ. ಡಾಕ್ಟರ ಲೆಕ್ಕಕ್ಕೆ ಒಂದು ರಾಗಿ ಮೂಟೆ, ಅಮ್ಮಾವ್ರ ಲೆಕ್ಕಕ್ಕೆ ಒಂದು ಮೂಟೆ ಇಟ್ಟೆ. ಲಂಗರನ್ನು ಆಚೀಚೆ ಸರಿಸುತ್ತ ಸರಿಸುತ್ತ, ಕೊನೆಗೆ ಮೂತಿ ಮೆತ್ತಗೆ ಕೆಳಗೆ ಬಾಗಿ ನೆಲ ಮುಟ್ಟಿತು. ಒಳ್ಳೆಯ ಗಾಡಿ ಬಾಗುವ ಹಾಗೆಯೇ ಬಾಗಿತು. ಅಪ್ಪ ದೂರದಲ್ಲಿ ಕೂತು ಗಾಲಿಯ ಅರೆಕಾಲು ಕೆತ್ತುತ್ತಿದ್ದವನು ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ. ಸೈ ಅಂದ ಹಾಗೆಯೇ ಅಂದುಕೊಂಡೆ.

ಹೊಳೆಗೆ ಇಳಿಸುವ ಹೊತ್ತಿಗೆ ದಡದಲ್ಲಿ ಜನ ಸೇರಿದ್ದರು. ನಾನು ಮನೆಯ ಕಟ್ಟಳೆ ಹೇಳಿದೆ. ಮಾಡಿದವನು ನಾನು, ಮೊದಲು ನಾನೇ ಕೂರಬೇಕು.

"ಸರಿಯಾಗಿದೆ. ಮಿಲಿಟರಿಯಲ್ಲಿ ಅಡುಗೆ ಮಾಡಿದವನಿಗೇ ಮೊದಲ ತುತ್ತು" ಎಂದರು ಡಾಕ್ಟರು. ಅಮ್ಮಾವ್ರು "ನೀವು ಹೋಗಿ ಬನ್ನಿ, ಆಮೇಲೆ ನಾನು" ಎಂದು ದಡದಲ್ಲಿ ನಿಂತರು.

ಅಂಬಿಗ ನನ್ನ ಹತ್ತಿರ ಬಂದ. "ಈಜು ಬತ್ತದೇನ್ಲಾ?"

"ಗಾಡಿ ಮಾಡೋನ್ಗೆ ಈಜು ಯಾಕೆ?"

"ಅದ್ಕೇ ಕೇಳ್ದೆ" ಎಂದ.

ನಾನು ನನ್ನ ಪೆಟ್ಟಿಗೆಯ ಮುಚ್ಚಳದ ಮೇಲೆ, ಮೂತಿಯಲ್ಲಿ, ದಡದ ಜನರ ಕಡೆ ಮುಖ ಮಾಡಿ ಕೂತೆ. ಡಾಕ್ಟರು ಇಂಜಿನ್ನಿನ ಹಗ್ಗ ಎಳೆದರು. ಮೊದಲು ನಿಧಾನವಾಗಿ ಹೋಯಿತು, ಚೆನ್ನಾಗಿಯೇ ಹೋಯಿತು. ನಡು ಹೊಳೆಗೆ ಬಂದ ಮೇಲೆ ಅವರು ವೇಗ ಕೊಟ್ಟರು. ಆಗ ನನ್ನ ಬೆನ್ನ ಹಿಂದೆ ಮೂತಿ ತಗ್ಗಿತು. ಮೊಂಡು ಹೋರಿ ತಲೆ ಬಗ್ಗಿಸಿ ಹಾಯಲು ಹೋಗುತ್ತದಲ್ಲ, ಹಾಗೆ. ನೀರು ನನ್ನ ಬೆನ್ನಿಗೆ ಅಪ್ಪಳಿಸಿ, ತಲೆ ದಾಟಿ, ಡಾಕ್ಟರ ಮಡಿಲಿಗೆ ಬಿತ್ತು. ಹಿಂದೆ ಇಂಜಿನ್ನು ನೀರಿನಿಂದ ಮೇಲೆದ್ದು ಕಿರುಚಿತು. ದೋಣಿ ಯಾರ ಮಾತೂ ಕೇಳದೆ ಪಕ್ಕಕ್ಕೆ ತಿರುಗಿ ಜೊಂಡಿನೊಳಗೆ ನುಗ್ಗಿ ನಿಂತಿತು. ಡಾಕ್ಟರು ಇಂಜಿನ್ ನಿಲ್ಲಿಸಿದರು. ಪಾದ ಮುಳುಗುವಷ್ಟು ನೀರು ಒಳಗೆ. ನಾನು ಮುಚ್ಚಳವನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದೆ.

ಅಂಬಿಗನೇ ಹರಿಗೋಲು ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ದಡ ಮುಟ್ಟುವಾಗ ಹಿಂದಕ್ಕೆ ತಿರುಗಿ ಒಂದು ಮಾತು ಅಂದ. "ಗಾಲಿ ಆಕಿಸ್ಕಳಕ್ಕೆ ನಾನು ಬರಕಿಲ್ಲ ಬುಡು."

ಅಮ್ಮಾವ್ರು ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದರು. ದೋಣಿಗೆ ನೀರು ಬಂದಿತ್ತು, ಪೆಟ್ಟಿಗೆಗೆ ಒಂದು ಹನಿ ಬಂದಿರಲಿಲ್ಲ. ಶಾಲು ಬೆಚ್ಚಗೆ ಇತ್ತು. "ಪೆಟ್ಟಿಗೆ ತುಂಬ ಚೆನ್ನಾಗಿದೆಯಪ್ಪ" ಎಂದರು. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಕ್ಯಾರಿಯರ್ ಕೈಗೆ ತೆಗೆದುಕೊಂಡು ಊರ ಕಡೆ ನಡೆದುಬಿಟ್ಟರು. ಡಾಕ್ಟರು ಒದ್ದೆ ಬಟ್ಟೆಯಲ್ಲಿ ನಿಂತು ಹೇಳಿದರು: "ಹಾಸನದಲ್ಲಿ ಒಬ್ಬರು ಈ ದೋಣೀನ ಕೇಳ್ತಾ ಇದ್ದರು. ಹೇಳಿ ಕಳಿಸ್ತೀನಿ. ನೀನು ಬೇಜಾರು ಮಾಡ್ಕೋಬೇಡ."

ಮತ್ತೆ ಅದೇ ಗಾಡಿ, ಅದೇ ಹುಲ್ಲು, ಅದೇ ಬೀದಿ. ಈ ಸಲ ಹಿಂದೆ ಬಂದವರು ದೋಣಿಯನ್ನಲ್ಲ, ನನ್ನನ್ನು ನೋಡಿದರು. ಅದೇ ಹೆಚ್ಚು ಚುಚ್ಚಿತು. ಮನೆಯಲ್ಲಿ ಅವ್ವ ಮುದ್ದೆ ಕಟ್ಟಿ ಕೊಟ್ಟರೆ ತಟ್ಟೆ ಸರಿಸಿ ಅಂಗಳಕ್ಕೆ ಬಂದು ಕೂತೆ. ದೋಣಿ ಮಾರಿ ಹೋದರೆ ಅದು ಯಾರ ಪೆಟ್ಟಿಗೆಯಿಂದ ಹೋಯಿತು ಎಂದು ಕೊಣನೂರಿನಲ್ಲಿ ಹೇಳಿಕೊಡಬೇಕಾದವರು ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಕಟ್ಟಿದ್ದು, ಹುಲ್ಲಿನ ಮೇಲಿನ ದೋಣಿಯಲ್ಲಿ ಕಾಲು ಚಾಚಿ ಕೂತಿದ್ದ ಆ ತಾಯಿ.

ಸಂಜೆ ಅಪ್ಪ ಬಂದು ದೋಣಿಯ ಪಕ್ಕ ಕೊರಡಿನ ಮೇಲೆ ಕೂತ. ಉಳಿ ಮುಟ್ಟಲ್ಲ ಅಂದಿದ್ದ, ಬಾಯಿ ಮುಟ್ಟಲ್ಲ ಅಂದಿರಲಿಲ್ಲವಲ್ಲ.

"ಇದರ ಎತ್ತು ಎಲ್ಲೈತ್ಲಾ?"

"ಯಾವ ಎತ್ತಪ್ಪ?"

"ಇದನ್ನ ನಡಸೋದು."

ನಾನು ಇಂಜಿನ್ನಿನ ಕಡೆ ನೋಡಿದೆ. "ಇಂದ್ಗಡೆ."

"ಗಾಡೀಲಿ ಮುಂಭಾರ ಯಾಕೆ ಮಡಗ್ತೀವಿ? ಒರಾಕೆ ಎತ್ತಿನ ಎಗಲು ಐತೆ ಅಂತ. ಇಲ್ಲಿ ಮುಂದ್ಗಡೆ ಯಾರ ಎಗಲೈತೆ? ನೀರೇಯ. ಅದೂ ಮೂತಿ ಸೂಜಿ ಅಂಗೆ ಚೂಪು. ನೀರು ಏನಂತ ಇಡ್ಕಂಡಾತು?"

ಖಾಲಿ ಜಾಗವನ್ನು ದೊರೆ ತಿಳಿಯದೆ ಬಿಟ್ಟಿರಲಿಲ್ಲ.

"ಅಪ್ಪ ಗೊತ್ತಿದ್ದೂ ಬಾಯಿ ಮುಚ್ಕಂಡಿದ್ದ ಅನ್ಕಬ್ಯಾಡ" ಎಂದ ಅಪ್ಪ. "ನಂಗೂ ದಡದ ಮ್ಯಾಲೆ ನಿಂತಾಗ್ಲೇ ಒಳೆದದ್ದು. ಉರುಳುಮರದ ಮ್ಯಾಲೆ ನೋಡ್ದಾಗ ನಾನೂ ಸರಿಯಾಗೈತೆ ಅಂತ್ಲೇ ಅಂದ್ಕಂಡಿದ್ದೆ."

ಆ ಮಾತು ಆಡದೆ ಇದ್ದಿದ್ದರೆ ನಾನು ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಕಳಚುವುದಕ್ಕೆ ಏಳುತ್ತಿದ್ದೆನೋ ಇಲ್ಲವೋ.

ಪೆಟ್ಟಿಗೆ ಕಳಚಿದೆ. ಆ ಮತ್ತಿ ಪೆಟ್ಟಿಗೆ ಇವತ್ತಿಗೂ ನಮ್ಮ ಪಡಸಾಲೆಯ ಮೂಲೆಯಲ್ಲಿ ಕೂತಿದೆ. ಮೂಲೆಗೆ ಅಂತಲೇ ಮಾಡಿದ ಹಾಗೆ ಕೂತಿದೆ. ಅದರಲ್ಲಿ ಹಾಕಿದ ರಾಗಿಗೆ ಹುಳ ಬೀಳುವುದಿಲ್ಲ. ಆದರೆ ಅವತ್ತು ಅದನ್ನು ಅಂಗಳದಲ್ಲಿ ಇಳಿಸಿ ನಿಂತಾಗ ಸಾಮಾನು ಎಲ್ಲಿಡುವುದು ಎನ್ನುವುದು ಮತ್ತೆ ಮೊದಲಿಗೇ ಬಂತು. ಡಾಕ್ಟರ ಹಲಗೆಯ ಕೆಳಗೆ ಪೆಟ್ರೋಲ್ ಡಬ್ಬ, ಲಂಗರು, ಸ್ಪ್ಯಾನರು ಹಿಡಿಯುವ ಒಂದು ಸಣ್ಣ ಪೆಟ್ಟಿಗೆ ಮಾಡಬಹುದು. ಉಳಿದದ್ದು?

ಅಮ್ಮಾವ್ರು ಬಂದದ್ದು ಕೊಡೆ ತೆಗೆದುಕೊಂಡು ಹೋಗುವುದಕ್ಕೆ. ಆ ಹೊತ್ತಿಗೆ ಹಳೇಕೋಟೆಯ ಗಾಡಿಯೊಂದು ಗಾಲಿ ರಿಪೇರಿಗೆ ಬಂದು ನಿಂತಿತ್ತು. ಅಮ್ಮಾವ್ರು ಅದರ ಕೆಳಗೆ ಬಗ್ಗಿ ನೋಡುತ್ತ ನಿಂತರು.

"ಅದೇನಪ್ಪ ಅದು, ಗಾಡಿ ಕೆಳಗೆ ತೊಟ್ಟಿಲು ಥರ?"

"ಉಲ್ಲಿನ ಜೋಲಿ ಕಣಮ್ಮಾವ್ರೇ. ಗೋಣಿ ಬಿಚ್ಚಿ ನಾಕು ಮೂಲೆ ಕಟ್ತಾರೆ. ಮದ್ಯಾನಕ್ಕೆ ಎತ್ತಿಗೆ ಉಲ್ಲು ಬೇಕಲ್ಲ."

"ಅದೇ ಒಂದು ಭಾರ ಆಗಲ್ವಾ?"

"ಗೋಣಿಗೇನು ಭಾರ. ಗಾಡಿಗೆ ಗೊತ್ತೇ ಆಗಕಿಲ್ಲ" ಎಂದೆ. ಅಂದ ಮೇಲೆ ನನ್ನ ಕೈ ನಿಂತಿತು. ನಾನೂ ಬಗ್ಗಿ ಗಾಡಿಯ ಕೆಳಗೆ ನೋಡಿದೆ. ಹುಟ್ಟಿದಾಗಿನಿಂದ ಗಾಡಿಯ ಕೆಳಗೇ ಮಲಗಿ ಕೆಲಸ ಮಾಡಿದವನು, ಆ ಜೋಲಿಯನ್ನು ಅವತ್ತು ಮೊದಲ ಸಲ ನೋಡಿದ ಹಾಗಾಯಿತು.

"ನನ್ನ ಹಲಗೆ ಕೆಳಗೂ ಹೀಗೆ ಕಟ್ಟಬಹುದಲ್ಲ. ಪಕ್ಕಗಳಿಗೂ" ಎಂದರು ಅಮ್ಮಾವ್ರು. "ಇವರ ಹಳೇ ಡೇರೆ ಬಟ್ಟೆ ಟ್ರಂಕಿನಲ್ಲಿ ಸುಮ್ಮನೆ ಬಿದ್ದಿದೆ. ಹೊಲಿಗೆ ಮಿಷನ್ ಇದೆ. ನಾನು ಹೊಲೀತೀನಿ, ನೀನು ಕಟ್ಟೋದಕ್ಕೆ ದಾರಿ ಮಾಡು. ಮಾರೋದು ಆಮೇಲೆ ನೋಡೋಣ."

ಆಮೇಲಿನ ದಿನಗಳು ನನಗೆ ಬಹಳ ಇಷ್ಟದವು. ಡೇರೆ ಬಟ್ಟೆ ದಪ್ಪ, ಅಮ್ಮಾವ್ರ ಮಿಷನ್ನಿನ ಸೂಜಿ ಮುರಿಯುತ್ತಲೇ ಇತ್ತು. ಕೊನೆಗೆ ಅಪ್ಪ ತೊಗಲು ಹೊಲಿಯುವ ದಬ್ಬಳ ಕೊಟ್ಟು, "ಉಳಿ ಅಲ್ಲವಲ್ಲ" ಎಂದ. ನಾನು ಬಿದಿರು ಸೀಳಿ, ನಯ ಮಾಡಿ, ದೋಣಿಯ ಒಳಪಕ್ಕಕ್ಕೆ ತೆಳ್ಳನೆಯ ಪಟ್ಟಿ ಹಾಯಿಸಿದೆ. ಅದಕ್ಕೆ ಜೋಲಿ. ನಡು ಹಲಗೆಯ ಕೆಳಗೆ ಕ್ಯಾರಿಯರಿಗೂ ಫ್ಲಾಸ್ಕಿಗೂ ಒಂದು, ಎಡಗಡೆ ಚಾಪೆಗೆ ಉದ್ದನೆಯದು, ಬಲಗಡೆ ಕೊಡೆಗೆ ಕತ್ತಿಯ ಒರೆಯಂತೆ ಒಂದು. ಮೂತಿಯಲ್ಲಿ ಶಾಲು ಮಾತ್ರ. ಲಂಗರು, ಪೆಟ್ರೋಲು ಹಿಂದೆ, ಕಾಫಿ ತೋಟದ ಸಿಲ್ವರ್ ಮರದ ಹಗುರ ಪೆಟ್ಟಿಗೆಯಲ್ಲಿ. ಹಗುರ ಎನ್ನುವ ಮಾತನ್ನು ನಾನು ನಮ್ಮ ಅಂಗಳದಲ್ಲಿ ಮೊದಲ ಸಲ ಹೊಗಳಿಕೆಯಾಗಿ ಬಳಸಿದೆ. ಅಮ್ಮಾವ್ರು ಹೊಲಿಗೆ ತಂದು, ಅಳೆದು, "ಇಲ್ಲಿ ಒಂದು ಬೆರಳು ಸಾಲದು" ಎಂದು ಬಿಚ್ಚಿಸಿ, ಮತ್ತೆ ಒಯ್ದು ಹೊಲಿಯುತ್ತಿದ್ದರು. ಕೆಲಸದ ವಿಷಯದಲ್ಲಿ ನನಗಿಂತ ಮೊಂಡರು. ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹುಣಸೆ ಮರದ ಕೆಳಗೆ ಕೂತು ದಾರ ಪೋಣಿಸುತ್ತಿದ್ದ ಅವರ ಚಿತ್ರ ಈಗಲೂ ಕಣ್ಣ ಮುಂದಿದೆ.

ಈ ಸಲ ಉರುಳುಮರ ಹಾಕಲಿಲ್ಲ. ದೋಣಿಯನ್ನು ಹೊಳೆಯ ಮೆಟ್ಟಿಲ ಹತ್ತಿರ ನೀರಿಗೇ ಬಿಟ್ಟು, ಕಟ್ಟಿಹಾಕಿ, ಸಾಮಾನು ತುಂಬಿ, ಹಲಗೆಗಳ ಮೇಲೆ ಅವೇ ರಾಗಿ ಮೂಟೆ ಇಟ್ಟೆ. ನೀಲಿ ಪಟ್ಟೆ ನೀರಿನಿಂದ ಎಷ್ಟು ಮೇಲಿದೆ ಎಂದು ಮುಂದೆಯೂ ಹಿಂದೆಯೂ ಗೇಣು ಹಾಕಿ ನೋಡಿದೆ. ಮುಂದೆ ಒಂದು ಹಿಡಿ ಹೆಚ್ಚು ಇರುವ ತನಕ ಲಂಗರನ್ನು ಸರಿಸಿದೆ. ಮೂಟೆ ತೋಯ್ದದ್ದಕ್ಕೆ ಅವ್ವ ಬೈದಳು, ಅದು ಬೇರೆ.

ಹೊರಡುವ ದಿನ ಸಂತೆಯಲ್ಲ, ಜನ ಇರಲಿಲ್ಲ. ಅಪ್ಪ ಇದ್ದ. ಅಂಬಿಗ ತನ್ನ ಹರಿಗೋಲಿನ ಅಂಚಿಗೆ ಒರಗಿ, ಹಗ್ಗ ಕೈಯಲ್ಲೇ ಹಿಡಿದು ತಯಾರಾಗಿ ನಿಂತಿದ್ದ. ಡಾಕ್ಟರು ಹಿಂದೆ ಹೋಗಿ ಕೂತರು. ನಾನು ಕಟ್ಟಳೆಯಂತೆ ಹತ್ತುವುದಕ್ಕೆ ಕಾಲು ಎತ್ತಿದೆ.

"ತಡಿ" ಎಂದರು ಅಮ್ಮಾವ್ರು. "ಮಾಡಿದವರು ಮೊದಲು ಕೂರಬೇಕು ಅಂತ ತಾನೇ ನಿಮ್ಮ ಮನೆ ಕಟ್ಟಳೆ? ಹೊಲಿದವಳು ನಾನು."

ಎತ್ತಿದ ಕಾಲು ಇಳಿಸಿದೆ. ಮೊದಲ ದಿನದ ಜೊಂಡು, ನೀರು ಎಲ್ಲ ಕಣ್ಣ ಮುಂದೆ ಬಂತು. ಅಪ್ಪನ ಮುಖ ನೋಡಿದೆ. ಅಪ್ಪ ಕತ್ತು ಕೆರೆದುಕೊಂಡ.

"ಔದು, ಮಾಡ್ದೋರು ಅಂದ್ರೆ ಮಾಡ್ದೋರೇಯ. ಗಂಡ್ಸೇ ಆಗಿರ್ಬೇಕು ಅಂತ ನಮ್ಮಪ್ಪ ಯೋಳಿರ್ನಿಲ್ಲ."

"ಹಾಗಾದರೆ ಯಜಮಾನ ನಾನು ನಡೆದು ಬರಬೇಕಾ, ನೀರಿನ ಮೇಲೆ?" ಎಂದರು ಡಾಕ್ಟರು.

"ನೀವು ಗಾಡಿ ಹೊಡೆಯೋರು. ಸುಮ್ಮನೆ ಹೊಡೀರಿ" ಎಂದು ಅಮ್ಮಾವ್ರು ನನ್ನ ಭುಜ ಹಿಡಿದು ದೋಣಿ ಹತ್ತಿದರು. ನಾನು ಅವರ ಹಿಂದೆ ಹತ್ತಿ, ಡಾಕ್ಟರ ಹತ್ತಿರ ತಳದಲ್ಲಿ ಮಂಡಿಯೂರಿ ಕೂತೆ.

ಇಂಜಿನ್ನು ಹತ್ತಿಕೊಂಡಿತು. ನಡು ಹೊಳೆಗೆ ಬಂದಾಗ ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ವೇಗ ಕೊಟ್ಟರು. ಮೂತಿ ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ಮೆತ್ತಗೆ ಮೇಲೆದ್ದಿತು. ನೀರು ಎರಡೂ ಪಕ್ಕಕ್ಕೆ ಸೀಳಿಕೊಂಡು ಹೋಯಿತು. ಅಮ್ಮಾವ್ರು ಹಲಗೆಯ ಅಂಚನ್ನು ಹಿಡಿದಿದ್ದ ಕೈ ಬಿಟ್ಟರು. ಸೀರೆಯ ನೆರಿಗೆ ಸರಿಮಾಡಿಕೊಂಡು ಎರಡೂ ಕಾಲು ಮುಂದಕ್ಕೆ ಚಾಚಿದರು. ಅಡ್ಡ ಏನೂ ಇರಲಿಲ್ಲ. ಡಾಕ್ಟರು ಹಿಂದಿನಿಂದ ಅವರ ಬೆನ್ನನ್ನೇ ನೋಡುತ್ತಿದ್ದರು, ದಾರಿ ನೋಡುತ್ತಿರಲಿಲ್ಲ. ಜೊಂಡು ಬಂದಾಗ ನಾನೇ ಹೇಳಬೇಕಾಯಿತು.

ದಡದಲ್ಲಿ ಅಪ್ಪ ನಿಂತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ದೋಣಿಗೆ ಸರಿಯಾಗಿ, ಹೊಳೆಯ ಅಂಚಿನಲ್ಲಿ ನಡೆದು ಬರುತ್ತಿದ್ದ. ಹೊಸ ಗಾಡಿಯ ಪಕ್ಕ ಯಜಮಾನ ನಡೆಯುವ ಹಾಗೆ. ನಾವು ತಿರುಗಿದರೆ ಅವನೂ ತಿರುಗಿದ.

ಮೆಟ್ಟಿಲ ಹತ್ತಿರ ಇಂಜಿನ್ ನಿಲ್ಲಿಸಿದಾಗ ಅಂಬಿಗ ಅಪ್ಪನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

"ಬೋ ಚೆಂದಾಗಾಯ್ತಲ್ಲ ದೊಡ್ಡಾಚಾರಿ, ನಿನ್ನ ಕೆಲ್ಸ."

"ನಂದೆಲ್ಲಿ ಬಂತು" ಎಂದ ಅಪ್ಪ, ಏದುಸಿರು ಬಿಡುತ್ತ. "ಅವನ್ದು. ಅವನ್ದೂ, ಆ ತಾಯೀದೂ."